ಹಡ್ಲು ಗದ್ದೆ ಸೇರಿದ ಜಾಗದಲ್ಲಿ ಮನೆ: ತೋಡು ಮತ್ತು ದಾರಿಯ ವಿಷಯ ಮೊದಲು ಇತ್ಯರ್ಥವಾಗಬೇಕೇ?

ಪ್ರಶ್ನೆ

ಕೊಡಗಿನ ಗೋಣಿಕೊಪ್ಪಲಿನ ಸಮೀಪ ಕಳೆದ ಬೇಸಿಗೆಯಲ್ಲಿ 22 ಸೆಂಟು ಜಾಗ ಕೊಂಡಿದ್ದೇನೆ. ಮೇಲಿನ ಭಾಗ ಬರೆ, ಅಂದರೆ ಇಳಿಜಾರು ದಿಣ್ಣೆ. ಕೆಳಗಿನ ಸುಮಾರು 8 ಸೆಂಟು ಗದ್ದೆಯಾಗಿದ್ದು, ಬೇಸಾಯ ನಿಂತು ಹಡ್ಲು ಬಿದ್ದಿದೆ. ಕೊಳ್ಳುವಾಗ ನೆಲ ಗಟ್ಟಿಯಾಗಿಯೇ ಇತ್ತು. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಹೋಗಿ ನಿಂತಾಗ ಕಾಲು ಮೀನಖಂಡದವರೆಗೆ ಹೂತಿತು, ಕಾಲು ಕಿತ್ತ ಗುಂಡಿಯಲ್ಲಿ ನೋಡುತ್ತಿದ್ದಂತೆಯೇ ನೀರು ತುಂಬಿಕೊಂಡಿತು. ಮೇಲಿನ ಕಾಫಿ ತೋಟದಿಂದ ಬರುವ ಸಣ್ಣ ತೋಡೊಂದು ಈ ಭಾಗದ ಅಂಚಿನಲ್ಲಿ ಹರಿಯುತ್ತದೆ. ಅದರ ಏರಿಯ ಮೇಲೆ ನೆರೆಯ ಅಜ್ಜ ಪ್ರತಿದಿನ ತಮ್ಮ ಗದ್ದೆಗೆ ಹೋಗುತ್ತಾರೆ. ಅವರ ತಂದೆಯ ಕಾಲದಿಂದಲೂ ಅದೇ ದಾರಿಯಂತೆ. ಕ್ರಯಪತ್ರದಲ್ಲಿ ದಾರಿಯ ಮಾತಿಲ್ಲ, ಋಣಭಾರ ಪತ್ರದಲ್ಲೂ ಏನೂ ಇಲ್ಲ. ಭೂ ಪರಿವರ್ತನೆ (ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸುವುದು) ಇನ್ನೂ ಆಗಿಲ್ಲ. ಬರೆ ಕಡಿದು ಆ ಮಣ್ಣನ್ನೇ ಗದ್ದೆಗೆ ತುಂಬಿಸಿದರೆ ಸಮತಟ್ಟಾದ ಜಾಗ ಸಿಗುತ್ತದೆ ಎಂದು ಮೇಸ್ತ್ರಿ ಹೇಳುತ್ತಿದ್ದಾರೆ. ಅಜ್ಜನೊಂದಿಗೆ ಮನಸ್ತಾಪ ಮಾಡಿಕೊಳ್ಳಲು ನನಗೆ ಇಷ್ಟವಿಲ್ಲ. ಎಲ್ಲಿಂದ ಆರಂಭಿಸಬೇಕು?

ಉತ್ತರ 1 (ನಿವೃತ್ತ ಭೂಮಾಪಕ)

ಪಹಣಿಯಿಂದ ಆರಂಭಿಸಿ. ಅದರಲ್ಲಿ ಖರಾಬು (ಸಾಗುವಳಿಗೆ ಸೇರದ ಜಾಗ) ಎಷ್ಟಿದೆ, ಅದು 'ಎ' ಖರಾಬೋ 'ಬಿ' ಖರಾಬೋ ಎಂಬುದನ್ನು ನೋಡಿ. ಹಳ್ಳ, ತೋಡು, ದಾರಿ ಮುಂತಾಗಿ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು 'ಬಿ' ಖರಾಬು; ನೀವು ಹಣ ಕೊಟ್ಟಿದ್ದರೂ ಅದು ನಿಮ್ಮದಾಗುವುದಿಲ್ಲ. ಬಳಿಕ ಗ್ರಾಮ ನಕ್ಷೆ ಮತ್ತು ನಿಮ್ಮ ಸರ್ವೆ ನಂಬರಿನ ಟಿಪ್ಪಣಿ (ಮೂಲ ಅಳತೆಯ ದಾಖಲೆ) ಪಡೆದು, ತೋಡಿನ ಗೆರೆಯೂ ಕಾಲುದಾರಿಯ ಚುಕ್ಕೆ ಗೆರೆಯೂ ಅಲ್ಲಿವೆಯೇ ಎಂದು ಪರಿಶೀಲಿಸಿ. ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಕಾಣುವ ಗಡಿ ಅಂದಾಜಿಗೆ ಸಾಕು, ಬೇಲಿ ಹಾಕುವುದಕ್ಕೆ ಸಾಲದು. ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸುವುದಕ್ಕೆ) ಅರ್ಜಿ ಕೊಟ್ಟು, ಅಳತೆಯ ದಿನ ಅಜ್ಜನನ್ನೂ ಮೇಲಿನ ತೋಟದವರನ್ನೂ ಕರೆಯಿರಿ. ಕಲ್ಲು ನೆಡುವಾಗ ಎಲ್ಲರೂ ಎದುರಿಗಿದ್ದರೆ ಮುಂದಿನ ಅರ್ಧ ಜಗಳ ಹುಟ್ಟುವುದೇ ಇಲ್ಲ. ಮೂಲದಲ್ಲಿ ಅದು ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಆಗಿದ್ದರೆ, ಪಟ್ಟೆದಾರರ (ಕುಟುಂಬದ ಪರವಾಗಿ ದಾಖಲೆಯಲ್ಲಿರುವವರ) ಹೆಸರಿನ ಜೊತೆಗೆ ಕುಟುಂಬದ ಉಳಿದವರ ಒಪ್ಪಿಗೆ ಕ್ರಯಪತ್ರದಲ್ಲಿದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಿ.

ಉತ್ತರ 2 (ವಕೀಲೆ, ಮಡಿಕೇರಿ)

ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ನಡೆದು ನಡೆದು ಬಂದ ಹಕ್ಕು ಅಲ್ಲಿ ಬರುವುದಿಲ್ಲ. 1882ರ ಈಸ್ಮೆಂಟ್ (ಇನ್ನೊಬ್ಬರ ಜಾಗವನ್ನು ಬಳಸುವ ಹಕ್ಕಿನ) ಕಾಯ್ದೆಯ 15ನೇ ಕಲಮಿನ ಪ್ರಕಾರ, ಬಹಿರಂಗವಾಗಿ, ಶಾಂತವಾಗಿ, ಹಕ್ಕೆಂದು ತಿಳಿದು, ಅಡೆತಡೆಯಿಲ್ಲದೆ 20 ವರ್ಷ ಬಳಸಿದ ದಾರಿ ಬಳಸಿದವರ ಹಕ್ಕಾಗುತ್ತದೆ. ಸರ್ಕಾರಿ ಜಾಗವಾದರೆ ಈ ಅವಧಿ 30 ವರ್ಷ. ಹಿಂದಿನ ಮಾಲೀಕರ ಅನುಮತಿ ಕೇಳಿ ನಡೆಯುತ್ತಿದ್ದರೆ ಅದು ಹಕ್ಕಲ್ಲ. ಆದ್ದರಿಂದ ಅಜ್ಜನ ಬಳಿ ಕುಳಿತು ಹಳೆಯ ಸಂಗತಿಯನ್ನು ಕೇಳುವುದು ಸೌಜನ್ಯವೂ ಹೌದು, ಅಗತ್ಯವೂ ಹೌದು.

ನೀರಿನ ವಿಷಯ ಇನ್ನೂ ಗಟ್ಟಿ. ಮೇಲಿನ ಜಮೀನಿನಲ್ಲಿ ಬಿದ್ದ ಮಳೆನೀರು ಸಹಜವಾಗಿ ಕೆಳಗಿನ ಜಮೀನಿಗೆ ಇಳಿಯಲು ಬಿಡಬೇಕೆಂಬುದನ್ನು ಇದೇ ಕಾಯ್ದೆಯ 7ನೇ ಕಲಮು ಸಹಜ ಹಕ್ಕೆಂದು ಗುರುತಿಸಿದೆ. ಅದಕ್ಕೆ 20 ವರ್ಷದ ಲೆಕ್ಕವೂ ಬೇಕಿಲ್ಲ. ನೀವು ಮಣ್ಣು ತುಂಬಿಸಿ ತೋಡು ಮುಚ್ಚಿ, ಮೇಲಿನ ತೋಟದಲ್ಲಿ ನೀರು ನಿಂತು ಕಾಫಿ ಗಿಡದ ಬೇರು ಕೊಳೆತರೆ ದಾವೆಗೆ ನೀವೇ ಉತ್ತರ ಹೇಳಬೇಕಾಗುತ್ತದೆ. 2017ರ ಜೌಗು ಪ್ರದೇಶ ನಿಯಮಗಳ ವ್ಯಾಖ್ಯೆಯಿಂದ ಭತ್ತದ ಗದ್ದೆಯನ್ನು ಹೊರಗಿಟ್ಟಿರುವುದು ನಿಜ, ಆದರೆ ಅದನ್ನು ಮಣ್ಣು ತುಂಬಿಸಲು ಸಿಕ್ಕ ಪರವಾನಗಿಯೆಂದು ತಿಳಿಯಬೇಡಿ. ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆ ಆಗಲೇಬೇಕು.

ದಾರಿಯನ್ನು ಬದಿಗೆ ಸರಿಸಬೇಕೆಂದಿದ್ದರೆ ಅಜ್ಜನ ಒಪ್ಪಿಗೆಯಿಂದ, ಅಗಲ, ಉದ್ದ ಮತ್ತು ಎರಡೂ ಕಡೆಯ ಸರ್ವೆ ನಂಬರು ಬರೆದು, ನಕ್ಷೆ ಲಗತ್ತಿಸಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಾಯಿಸಿ. ಬಾಯಿಮಾತಿನ ಒಪ್ಪಂದ ಇಬ್ಬರ ಮಕ್ಕಳ ಕಾಲಕ್ಕೆ ವ್ಯಾಜ್ಯವಾಗುವುದನ್ನು ಬಹಳ ನೋಡಿದ್ದೇನೆ.

ಉತ್ತರ 3 (ಮನೆ ಕಟ್ಟಿಸಿದವನು, ಸೋಮವಾರಪೇಟೆ)

ಮೇಸ್ತ್ರಿಯ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಬರೆಯ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. 2018ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಗುಡ್ಡ ಕುಸಿದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗದ್ದೆಯ ಜೇಡಿಯ ಮೇಲೆ ತುಂಬಿದ ಮಣ್ಣು ಎಲ್ಲ ಕಡೆ ಒಂದೇ ಸಮನೆ ಕೂರುವುದಿಲ್ಲ. ನನ್ನ ಮನೆಯ ಹಿಂಭಾಗ ಹೀಗೆ ತುಂಬಿದ ನೆಲದ ಮೇಲಿದೆ; ಎರಡನೇ ಮಳೆಗಾಲಕ್ಕೆ ಅಡುಗೆಮನೆಯ ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಈಗ ಬೆರಳು ತೂರುವಷ್ಟು ಅಗಲವಾಗಿದೆ. ಇಂಗುಗುಂಡಿಯಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಗಿಸುವುದೇ ಇಲ್ಲ, ಶೌಚದ ನೀರು ಮೇಲಕ್ಕೆ ಬರುತ್ತದೆ, ಬಾವಿಯೂ ಹತ್ತಿರದಲ್ಲಿದ್ದರೆ ಕೆಡುತ್ತದೆ.

ಕೊಡಗಿನ ಐನ್‌ಮನೆಗಳನ್ನು (ಕುಲದ ಮೂಲ ಮನೆಗಳನ್ನು) ನೋಡಿ. ಮನೆ ಗದ್ದೆಯ ಬಯಲನ್ನು ನೋಡುತ್ತಾ ಸ್ವಲ್ಪ ಎತ್ತರದಲ್ಲಿರುತ್ತದೆ, ಗದ್ದೆಯೊಳಗೆ ಇರುವುದಿಲ್ಲ. ನಿಮ್ಮ 14 ಸೆಂಟಿನಲ್ಲಿ ಇಳಿಜಾರು ಕಡಿಮೆ ಇರುವ ಕಡೆ, ನೆಲದ ಏರಿಳಿತಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಅಡಿಪಾಯ ಹಾಕಿಸಿ ಸಣ್ಣ ಮನೆ ಕಟ್ಟಬಹುದು. ಅದಕ್ಕೂ ಮೊದಲು ಇಂಜಿನಿಯರರನ್ನು ಮಳೆಯಲ್ಲೇ ಕರೆತಂದು, ನಾಲ್ಕೈದು ಕಡೆ ಗುಂಡಿ ತೆಗೆಸಿ, ಒರತೆ ಎಷ್ಟು ಆಳದಲ್ಲಿದೆ ಎಂದು ಅಳೆಯಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ವಂದನೆಗಳು. ನಿನ್ನೆ ಸಂಜೆ ಅಜ್ಜನ ಮನೆಗೆ ಹೋಗಿದ್ದೆ. ದಾರಿಗೆ ಯಾರ ಅನುಮತಿಯನ್ನೂ ಎಂದೂ ಕೇಳಿದ್ದಿಲ್ಲ, ನಾಟಿಯ ಕಾಲದಲ್ಲಿ ಎತ್ತುಗಳೂ ಅಲ್ಲಿಯೇ ಇಳಿಯುತ್ತಿದ್ದವು ಎಂದು ಹೇಳಿದರು. ಆದ್ದರಿಂದ ದಾರಿಯನ್ನು ಇದ್ದಲ್ಲಿಯೇ ಬಿಟ್ಟು, ಆರು ಅಡಿ ಅಗಲ ಬರೆದು ನೋಂದಾಯಿಸಲು ಇಬ್ಬರೂ ಒಪ್ಪಿದ್ದೇವೆ. ಹದ್ದುಬಸ್ತಿನ ಅರ್ಜಿಯನ್ನು ಸೋಮವಾರ ಕೊಡುತ್ತೇನೆ. ಕೆಳಗಿನ 8 ಸೆಂಟಿನಲ್ಲಿ ತಾವೇ ಭತ್ತ ನಾಟಿ ಮಾಡಬಹುದೇ ಎಂದು ಅಜ್ಜ ಕೇಳಿದರು, ಆಗಲಿ ಎಂದಿದ್ದೇನೆ.