ಅಪ್‌ಡೇಟ್: ಕೊನೆಗೂ ಫುಲ್ ಸಸ್ಪೆನ್ಶನ್ ಸೈಕಲನ್ನೇ ತೆಗೆದುಕೊಂಡೆ

ಉಡುಪಿಯಿಂದ ಆಗುಂಬೆ, ಶೃಂಗೇರಿ, ಕುದುರೆಮುಖ ಸುತ್ತಿ ಬರುವ ಮೂರು ದಿನದ ಸವಾರಿಗೆ ಫುಲ್ ಸಸ್ಪೆನ್ಶನ್ (ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರುವ ಸೈಕಲ್) ಬೇಕಾ, ಹಾರ್ಡ್‌ಟೇಲ್ (ಮುಂದೆ ಮಾತ್ರ ಇರುವುದು) ಸಾಕಾ ಅಂತ ಇಲ್ಲಿ ಮೊದಲು ಕೇಳಿದ್ದೆ. ಹಿಂದೆ ಮುಂದೆ 120 ಮಿ.ಮೀ. ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ಅಂತರ) ಇರುವುದನ್ನು ತೆಗೆದುಕೊಂಡೆ. ಆಗುಂಬೆಯ 14 ತಿರುವು ಹತ್ತುವಾಗ ಲಾಕ್‌ಔಟ್ ಹಾಕಿ ಸಸ್ಪೆನ್ಶನ್ ಕುಲುಕದಂತೆ ಮಾಡಿದೆ, ತುಳಿದ ಶಕ್ತಿ ಪೋಲಾಗಲಿಲ್ಲ. ತೋಟಗಳ ಕಲ್ಲುದಾರಿಯಲ್ಲಿ ಮೂರನೇ ದಿನವೂ ಸೊಂಟ ನೋಯಲಿಲ್ಲ. ನನಗೆ ಅದೇ ದೊಡ್ಡದು.

ಕಷ್ಟವಾದದ್ದು ಬ್ಯಾಗಿನದು. ಫ್ರೇಮಿನ ನಡುವೆ ಶಾಕ್ ಇರುವುದರಿಂದ ಜಾಗ ಕಡಿಮೆ. ದೊಡ್ಡ ಸೀಟ್ ಬ್ಯಾಗ್ ಕಟ್ಟಿದರೆ, ಗುಂಡಿಗೆ ಇಳಿದಾಗ ಹಿಂದಿನ ಟೈರ್ ಮೇಲೆದ್ದು ಅದಕ್ಕೆ ಉಜ್ಜುತ್ತದೆ. ಚಿಕ್ಕದನ್ನು ಹಾಕಿ, ಬಟ್ಟೆಯನ್ನೆಲ್ಲ ಹ್ಯಾಂಡಲ್‌ಗೆ ಕಟ್ಟಿದೆ. ಲಗೇಜ್ ಸೇರಿದ ಮೇಲೆ ಶಾಕ್‌ಗೆ ಮತ್ತೆ ಗಾಳಿ ಹೊಡೆಯಲೇಬೇಕು, ಮರೆಯಬೇಡಿ.

ಹಾರ್ಡ್‌ಟೇಲ್ ಸಾಕು ಅಂದವರಿಗೆ: ಬರೀ ಡಾಂಬರು ರಸ್ತೆಯಾದರೆ ನಿಮ್ಮ ಮಾತೇ ಸರಿ.