ಸಹಾಯ ಬೇಕು: ಹೂಕೋಸಿಗೆ ಮಾಲಿಬ್ಡಿನಂ (ಗಿಡಕ್ಕೆ ತುಂಬಾ ಸ್ವಲ್ಪ ಬೇಕಾಗೋ ಪೋಷಕಾಂಶ) ಹೇಗೆ ಕೊಡೋದು?

ನಮ್ಮದು ತೀರ್ಥಹಳ್ಳಿ ಹತ್ತಿರ. ಭತ್ತ ಕೊಯ್ದ ಗದ್ದೆಯಲ್ಲಿ ಹತ್ತು ಗುಂಟೆ ಹೂಕೋಸು ಹಾಕಿದ್ದೇವೆ. ಹೊಸ ಎಲೆಗಳಲ್ಲಿ ನಡುವಿನ ನರ ಮಾತ್ರ ಉಳಿದು, ಅಕ್ಕಪಕ್ಕದ ಹಸಿರು ಬೆಳೆದೇ ಇಲ್ಲ, ಇಲಿ ಬಾಲದ ಹಾಗೆ ತಿರುಚಿಕೊಂಡಿವೆ. ಹುಳ ಅಂದುಕೊಂಡು ಬೇವಿನೆಣ್ಣೆ ಹೊಡೆದೆ, ಯೂರಿಯಾ ಕೊಟ್ಟೆ, ಏನೂ ಆಗಲಿಲ್ಲ. ಮಾಲಿಬ್ಡಿನಂ ಇಲ್ಲದಿದ್ದರೆ ಗಿಡ ಹೀರಿದ ನೈಟ್ರೇಟ್ (ಸಾರಜನಕದ ಒಂದು ರೂಪ) ಬಳಕೆಯಾಗದೆ ಎಲೆಯಲ್ಲಿ ಸುಮ್ನೆ ಉಳಿಯುತ್ತೆ ಅಂತ ಆಮೇಲೆ ಗೊತ್ತಾಯ್ತು. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 5.1 ಬಂದಿದೆ. ಇಷ್ಟು ಹುಳಿ ಮಣ್ಣಲ್ಲಿ ಮಾಲಿಬ್ಡಿನಂ ಇದ್ದರೂ ಬೇರಿಗೆ ಸಿಗೋದು ಕಷ್ಟ ಅಲ್ವಾ? ಸುಣ್ಣ ಹಾಕಿ 12 ದಿನ ಆಯ್ತು.

ಈಗ ಸುಣ್ಣ ಕೆಲಸ ಮಾಡುವವರೆಗೆ ಕಾಯಬೇಕಾ, ಇಲ್ಲಾ ಮಾಲಿಬ್ಡಿನಂ ಇರೋ ಸೋಡಿಯಂ ಮಾಲಿಬ್ಡೇಟ್ ಎಲೆಗೆ ಸಿಂಪಡಿಸಬೇಕಾ? ಸೊಪ್ಪು ದನಕ್ಕೆ ಹಾಕ್ತೇವೆ, ಮಾಲಿಬ್ಡಿನಂ ಜಾಸ್ತಿಯಾದರೆ ಅವಕ್ಕೆ ತಾಮ್ರದ ಕೊರತೆ ಬರುತ್ತೆ, ಅದೇ ಭಯ. ಸಿಂಪಡಿಸೋದಾದರೆ ಲೀಟರ್ ನೀರಿಗೆ ಎಷ್ಟು ಗ್ರಾಂ? ಮಾಡಿ ನೋಡಿದವರು ದಯವಿಟ್ಟು ಹೇಳಿ.