ನೀಲಿ ಪರದೆ ಕಂಡು ನಕ್ಕಿದ್ದು ಸರಿಯೇ?

ಪ್ರಶ್ನೆ: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತಾಗ, ಅನೇಕರು, ವಿಂಡೋಸ್ ಕೆಟ್ಟಾಗ ಮೂಡುವ ನೀಲಿ ಪರದೆಯ ಚಿತ್ರಗಳನ್ನು ಹಂಚಿಕೊಂಡು ನಕ್ಕರು. ಆಸ್ಪತ್ರೆಗಳಲ್ಲಿ ಜನ ಪರದಾಡುತ್ತಿದ್ದಾಗ ಇದು ಸರಿಯೇ?

ಉತ್ತರ 1: ನನಗೆ ತಪ್ಪೆನಿಸುವುದಿಲ್ಲ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲೇ ಬರೆದುಕೊಟ್ಟ ಚಿತ್ರಗಳು, ಒಂದೇ ಸಂಸ್ಥೆಯ ತಂತ್ರಾಂಶವನ್ನು ಎಷ್ಟೊಂದು ಸೇವೆಗಳು ನೆಚ್ಚಿಕೊಂಡಿವೆ ಎಂಬುದನ್ನು ಸಾಮಾನ್ಯರಿಗೂ ಮನದಟ್ಟು ಮಾಡಿದವು.

ಉತ್ತರ 2: ಆ ಅಪ್‌ಡೇಟ್‌ನ ತಪ್ಪು ಕಡತವನ್ನು ಸಂಸ್ಥೆ ಒಂದೂವರೆ ಗಂಟೆಯೊಳಗೆ ಸರಿಪಡಿಸಿತಾದರೂ, ಅಷ್ಟರಲ್ಲಿ ಕೆಟ್ಟಿದ್ದ ಬಹಳಷ್ಟು ಯಂತ್ರಗಳನ್ನು ಸೇಫ್ ಮೋಡ್‌ನಲ್ಲಿ (ಅತ್ಯಗತ್ಯ ತಂತ್ರಾಂಶವಷ್ಟೇ ನಡೆಯುವ ಸ್ಥಿತಿಯಲ್ಲಿ) ತೆರೆದು ಒಂದೊಂದಾಗಿ ಕೈಯಾರೆ ದುರಸ್ತಿ ಮಾಡಬೇಕಾಯಿತು. ನಿದ್ದೆಗೆಟ್ಟು ದುಡಿದ ಆ ತಂತ್ರಜ್ಞರನ್ನೂ ಗೇಲಿ ಮಾಡಿದ್ದು ನನಗೆ ನೋವು ತಂದಿತು.

ಉತ್ತರ 3: ಹೊಸ ಕಡತವನ್ನು ಹಂತಹಂತವಾಗಿ ಬಿಡುಗಡೆ ಮಾಡದೆ ಎಲ್ಲೆಡೆ ಒಮ್ಮೆಗೇ ಕಳುಹಿಸಿದವರನ್ನು ಗೇಲಿ ಮಾಡಬೇಕಿತ್ತು.